ಕೊಲೆ ಡಬ್ಬಿ, ಹಾಡಿನ ಡಬ್ಬಿ, ಹಕ್ಕಿ ಡಬ್ಬಿ

ನಮ್ಮ ಮನೆಯಲ್ಲಿ ತಟ್ಟೆಗೆ ರೊಟ್ಟಿ ಬೀಳುವ ಮೊದಲು ಪ್ರಶ್ನೆ ಬೀಳುತ್ತಿತ್ತು. ಬೇರೆಯವರ ಮನೆಯಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡರೆ ಊಟಕ್ಕೆ ಕೂಡಬಹುದು. ನಮ್ಮಲ್ಲಿ ವಿಭೂತಿಯೂ ಬೇಕು, ಉತ್ತರವೂ ಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಉಪ್ಪಿನ ಭರಣಿಯ ಪಕ್ಕ ಮೂರು ಬಿಸ್ಕತ್ತಿನ ಡಬ್ಬಿಗಳಿದ್ದವು. ಒಂದು ಕೊಲೆ ಡಬ್ಬಿ, ಅದರಲ್ಲಿ ಪತ್ತೇದಾರಿ ಕಾದಂಬರಿಗಳ ಪ್ರಶ್ನೆಗಳು. ಒಂದು ಹಾಡಿನ ಡಬ್ಬಿ, ಒಂದು ಹಕ್ಕಿ ಡಬ್ಬಿ. ಅಪ್ಪ ಹಳೆಯ ಕ್ಯಾಲೆಂಡರುಗಳನ್ನು ಕತ್ತರಿಸಿ ಚೀಟಿ ಮಾಡುತ್ತಿದ್ದ. ಮುಂದೆ ಪ್ರಶ್ನೆ, ಹಿಂದೆ ಉತ್ತರ. ನಾವು ಬೀದರ್ ಕಡೆಯವರು. ಅಪ್ಪ ನಾಸಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿದ್ದುದರಿಂದ ಕಾಲೊನಿಯ ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್ ಸಿಕ್ಕಿತ್ತು. ಪರೀಕ್ಷೆಗೆ ಹಾರಿಸುವ ವಿಮಾನ ತಲೆಯ ಮೇಲೆ ಹಾದುಹೋದರೆ ಮೂರೂ ಡಬ್ಬಿಗಳು ಗಡಗಡ ಅನ್ನುತ್ತಿದ್ದವು. ಅಪ್ಪನ ನಿಯಮ ಒಂದೇ. ಹಿಂದೆ ಉತ್ತರ ಬರೆಯದೆ ಯಾರೂ ಡಬ್ಬಿಗೆ ಚೀಟಿ ಹಾಕುವಂತಿಲ್ಲ.

"ಹಿಂದ ಉತ್ತರ ಇರಲಿಲ್ಲಂದ್ರ ಅದು ಪ್ರಶ್ನೆ ಅಲ್ಲವಾ ಶಶಿ, ಅದು ಚಿಂತಿ. ಚಿಂತಿ ಡಬ್ಬಿಯೊಳಗ ಹಾಕಬ್ಯಾಡ."

ಅಪ್ಪ ದೊಡ್ಡ ಪಂಡಿತನ ಹಾಗೆ ಇಷ್ಟೆಲ್ಲ ಮಾತಾಡಿದರೂ ನಿಜವಾದ ಪ್ರಚಂಡಿ ನಮ್ಮ ಅವ್ವ. ಹತ್ತನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಾರುಕಟ್ಟೆಯ ಬಾಡಿಗೆ ಪುಸ್ತಕದಂಗಡಿಯಿಂದ ಕನ್ನಡದ್ದು ಸಿಕ್ಕರೆ ಕನ್ನಡ, ಮರಾಠಿಯದು ಸಿಕ್ಕರೆ ಮರಾಠಿ, ವಾರಕ್ಕೆ ಮೂರು ಪತ್ತೇದಾರಿ ಪುಸ್ತಕ ತಂದು ಮುಗಿಸುತ್ತಿದ್ದಳು. ಮೂವತ್ತನೇ ಪುಟಕ್ಕೆ ಕೊಲೆಗಾರ ಯಾರೆಂದು ಹೇಳಿಬಿಡುವಳು. ಅಪ್ಪ ಕಳ್ಳತನದಿಂದ ಕೊನೆಯ ಪುಟ ನೋಡಿ ಬಂದು, ತಾನೇ ಊಹಿಸಿದವನ ಹಾಗೆ ನಟಿಸುವನು. ಆಮೇಲೆ ಜಗಳ. "ನಿಮಗ ನಾಚ್ಕಿ ಇಲ್ಲೇನ್ರಿ?" ಎಂದು ಅವ್ವ ಸೌಟು ಹಿಡಿದು ಅವನನ್ನು ಹೊರಗಿನ ಗ್ಯಾಲರಿಯ ತನಕ ಅಟ್ಟಿಕೊಂಡು ಹೋದದ್ದು ಕಾಲೊನಿಗೆಲ್ಲ ಗೊತ್ತು. ನಾಸಿಕದ ಕನ್ನಡ ಮಂದಿ ವರ್ಷಕ್ಕೊಮ್ಮೆ ರಸಪ್ರಶ್ನೆ ನಡೆಸುತ್ತಿದ್ದರು. ಅದರಲ್ಲಿ ಇವರಿಬ್ಬರದೇ ಜೋಡಿ, ಇವರದೇ ಬಹುಮಾನ. ಮನೆಯ ತುಂಬ ಗೆದ್ದ ಸ್ಟೀಲ್ ಡಬ್ಬಿಗಳು. ಬೀದರಿನಿಂದ ಬಂದು ನಮ್ಮ ಜೊತೆಗಿದ್ದ ಅಪ್ಪನ ತಾಯಿ, ನನ್ನ ಅಜ್ಜಿ, ಅವುಗಳಲ್ಲಿ ಶೇಂಗಾ ಚಟ್ನಿ ತುಂಬಿಡುತ್ತಿದ್ದಳು. ನನ್ನ ತಮ್ಮ ಚನ್ನು ಹುಟ್ಟಿದಾಗ ನನಗೆ ಒಂಬತ್ತು ತುಂಬಿತ್ತು. ಅವನಿಗೆ ಹತ್ತು ತಿಂಗಳಾದಾಗ ಅವನು ಸತ್ತ.

ಇದನ್ನು ಸುತ್ತಿಬಳಸಿ ಹೇಳುವ ತಾಳ್ಮೆ ನನಗಿಲ್ಲ, ನೇರವಾಗಿ ಹೇಳಿಬಿಡುತ್ತೇನೆ. ಚಳಿಗಾಲದ ಒಂದು ಬೆಳಿಗ್ಗೆ, ಮನೆಯವರೆಲ್ಲ ಮಲಗಿದ್ದಾಗ, ನಾನು ಚನ್ನುವನ್ನು ನನ್ನ ಸ್ವೆಟರಿನೊಳಗೆ ತುರುಕಿಕೊಂಡು ಗಚ್ಚಿಯ ಮೇಲೆ, ಬಯಲು ತಾರಸಿಗೆ, ಹೋಗಿದ್ದೆ. ನಾಸಿಕದ ಆ ಚಳಿ ಗೊತ್ತಿದ್ದವರಿಗೆ ಗೊತ್ತು, ದ್ರಾಕ್ಷಿ ತೋಟದವರು ಸಾಲಿನ ನಡುವೆ ಬೆಂಕಿ ಹಾಕುವಂಥ ಚಳಿ. ಅವತ್ತೇ ಮಧ್ಯಾಹ್ನ ಚನ್ನುವಿನ ಎದೆ ಗೊರಗೊರ ಅನ್ನತೊಡಗಿತು. ಸಂಜೆ ಆಸ್ಪತ್ರೆ. ಎರಡು ದಿನಕ್ಕೆ ಮುಗಿದೇ ಹೋಯಿತು. ನಾನು ಅವನನ್ನು ಮೇಲೆ ಒಯ್ದದ್ದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಯಾರಿಗೂ ಹೇಳಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ದಿನದಿಂದ ಅವ್ವ ಬಾಯಿಗೆ ಬೀಗ ಹಾಕಿಕೊಂಡಳು. ಅಳಲಿಲ್ಲ. ಒಂದು ಹನಿ ಇಲ್ಲ. ಎದ್ದಳು, ಮಿಂದಳು, ರೊಟ್ಟಿ ಬಡಿದಳು, ಆದರೆ ಮಾತಿಲ್ಲ. ನನ್ನನ್ನು ನೋಡಿದರೆ ನನ್ನ ಹಿಂದಿನ ಗೋಡೆಯನ್ನು ನೋಡುವ ಹಾಗೆ ನೋಡುತ್ತಿದ್ದಳು. ಆಕೆಗೆ ಗೊತ್ತಾಗಿದೆ, ಅದಕ್ಕೇ ನನ್ನ ಜೊತೆ ಮಾತು ಬಿಟ್ಟಿದ್ದಾಳೆ ಎಂದು ನಾನು ತಿಳಿದೆ. ಉಳಿದವರ ಜೊತೆಗೂ ಆಕೆ ಮಾತಾಡುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕಕ್ಕೆ ಬರಲೇ ಇಲ್ಲ. ಮಕ್ಕಳ ಬುದ್ಧಿಯೇ ಹಾಗೆ, ಸಿಡಿಲು ಎಲ್ಲಿ ಬಿದ್ದರೂ ತಮ್ಮ ಮೇಲೇ ಬಿತ್ತು ಅಂದುಕೊಳ್ಳುತ್ತವೆ.

ಒಂದೂವರೆ ತಿಂಗಳು ನೋಡಿದ ಮೇಲೆ ಅವ್ವನ ಅಣ್ಣ ಬಂದು ಆಕೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದರು. ಮಾಮಾ ಬ್ಯಾಂಕಿನಲ್ಲಿದ್ದರು, ಕಲಬುರಗಿಯಿಂದ ವರ್ಗವಾಗಿ ಬಂದು, ಈಗ ಛತ್ರಪತಿ ಸಂಭಾಜಿನಗರ ಅನ್ನುವ ಊರಿನಲ್ಲಿ ಬಾಡಿಗೆ ಮನೆ ಮಾಡಿದ್ದರು. ಜಾಗ ಬದಲಾದರೆ ಮನಸ್ಸು ಬದಲಾದೀತು ಎಂದು ಎಲ್ಲರ ಆಸೆ. ಮೂರು ವಾರ ಕಳೆದು ಅಪ್ಪ ಮತ್ತು ನಾನು ನೋಡಲು ಹೋದೆವು. ಯೇವಲಾ, ವೈಜಾಪುರ, ಗಂಗಾಪುರದ ಕ್ರಾಸು, ದಾರಿಯುದ್ದಕ್ಕೂ ಅಪ್ಪ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡಿದ್ದ. ಮಾಮಾ ಬಾಗಿಲಲ್ಲೇ ತಲೆ ಅಲ್ಲಾಡಿಸಿದರು. "ಏನೂ ಫರಕ್ ಇಲ್ರಿ. ಊಟ ಮಾಡ್ತಿಯೇನವಾ ಅಂದ್ರೂ ಹೂಂ ಇಲ್ಲ, ಊಹೂಂ ಇಲ್ಲ." ಊಟಕ್ಕೆ ಕುಳಿತಾಗ ಅವ್ವ ನನ್ನ ಎದುರಿಗಿದ್ದಳು. ಎಲ್ಲರೂ ತಟ್ಟೆ ನೋಡುತ್ತ ಕುಳಿತಿದ್ದೆವು. ಆ ಬಿಗಿ ತಾಳಲಾರದೆ, ಬಾಯಿ ರೂಢಿಗೆ ಬಿದ್ದದ್ದರಿಂದ, ಅಪ್ಪ ನನ್ನ ಕಡೆ ತಿರುಗಿ ಕೇಳಿಬಿಟ್ಟ.

"ಶಶಿ, ಹಕ್ಕಿ ಡಬ್ಬಿ. ತತ್ತಿ ಇಡೋ ಹೊತ್ತಿಗೆ ಮರದ ಪೊಟರ್‍ಯಾಗ ಕುಂತು, ಬಾಗಲಾ ಮಣ್ಣಿಲೆ ತಾನೇ ಮುಚ್ಚಿಕೊಳ್ಳೋ ಹಕ್ಕಿ ಯಾವುದು? ಗಂಡು ಹೊರಗಿಂದ ಸಂದಿಯೊಳಗ ಊಟಾ ಕೊಡತದ."

"ಮಂಗಟ್ಟೆ."

ಹೇಳಿದ್ದು ನಾನಲ್ಲ. ಅವ್ವ. ದನಿ ಅವಳದೇ, ಆದರೆ ಏರಿಲ್ಲ, ಇಳಿದಿಲ್ಲ. ರೈಲ್ವೆ ಸ್ಟೇಶನ್ನಿನಲ್ಲಿ ಗಾಡಿ ಬಂತೆಂದು ಹೇಳುವ ಹೆಂಗಸಿನ ದನಿಯ ಹಾಗಿತ್ತು. ಮಾಮಾನ ಹೆಂಡತಿಯ ಕೈಯಿಂದ ಸಾರಿನ ಚಮಚ ಜಾರಿ ಬಿತ್ತು. ಅಪ್ಪನ ಮುಖ ನೋಡಬೇಕಿತ್ತು. "ಏನಂದಿ? ಇನ್ನೊಮ್ಮೆ ಅನ್ನು. ನನ್ನ ಕೂಡ ಮಾತಾಡು," ಎಂದು ಅವಳ ಮೊಣಕೈ ಹಿಡಿದು ಅಲ್ಲಾಡಿಸಿದ. ಅವ್ವ ಸುಮ್ಮನಿದ್ದಳು. ಅಪ್ಪ ಮತ್ತೊಂದು ಕೇಳಿದ, ಹಾಡಿನ ಡಬ್ಬಿಯದು. ಪರದೆಯ ಮೇಲೆ ತುಟಿ ಆಡಿಸುವವಳು ಒಬ್ಬಳು, ಕಾಣದೆ ಹಾಡುವವಳು ಇನ್ನೊಬ್ಬಳು, ಆ ಇನ್ನೊಬ್ಬಳಿಗೆ ಏನಂತಾರೆ? "ಹಿನ್ನೆಲೆ ಗಾಯಕಿ," ಎಂದಳು ಅವ್ವ. ತುಟಿ ಮಾತ್ರ ಅಲ್ಲಾಡಿತು, ಕಣ್ಣು ಅಲ್ಲಾಡಲಿಲ್ಲ. ನಾನು ತಟ್ಟೆ ಬಿಟ್ಟು ಹಿಂದೆ ಸರಿದೆ. ಅಪ್ಪ ಮಾತ್ರ ನಗುತ್ತಿದ್ದ, ಅಳುತ್ತಿದ್ದ, ಎರಡೂ ಕೂಡಿ. ಮರುದಿನವೇ ನಾವು ಆಕೆಯನ್ನು ಓಝರ್‌ಗೆ ಕರೆದುಕೊಂಡು ಬಂದೆವು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ವಿಚಿತ್ರ ಸಂಸಾರ. ಉತ್ತರ ಗೊತ್ತಿರುವ ಪ್ರಶ್ನೆಗೆ ಮಾತ್ರ ಅವ್ವ ಬಾಯಿ ತೆರೆಯುತ್ತಿದ್ದಳು. ತಲೆ ನೋಯುತ್ತದೆಯೇ, ಸೀರೆ ಯಾವುದು ತರಲಿ, ಹೊರಗೆ ಹೋಗೋಣವೇ ಅಂದರೆ ಕಲ್ಲು. ಗೀಜಗನ ಗೂಡು ಕಟ್ಟುವುದು ಗಂಡೋ ಹೆಣ್ಣೋ ಅಂದರೆ ತಟ್ಟನೆ "ಗಂಡು". ಅಪ್ಪ ಊಟ ನಿದ್ದೆ ಬಿಟ್ಟು ಚೀಟಿ ಬರೆಯತೊಡಗಿದ. ದಿನಕ್ಕೆ ಮೂವತ್ತು, ನಲವತ್ತು. ಹೆಂಡತಿಯ ದನಿ ಕೇಳಬೇಕೆಂಬ ಆಸೆಗೆ ಆತ ಲೋಕದ ಹಕ್ಕಿಗಳನ್ನೆಲ್ಲ ಹುಡುಕಿ ತಂದ. ಕೋಗಿಲೆ ಯಾರ ಗೂಡಿನಲ್ಲಿ ಮೊಟ್ಟೆ ಇಡುತ್ತದೆ? ಕಾಗೆಯ ಗೂಡಿನಲ್ಲಿ. ಕಹಿ ಬಾದಾಮಿಯ ವಾಸನೆ ಬಂತೆಂದರೆ ಪತ್ತೇದಾರ ಯಾವ ವಿಷ ಅಂತಾನೆ? ಸಯನೈಡ್. ಗಿಟಾರಿಗೆ ಎಷ್ಟು ತಂತಿ? ಆರು. ಒಂದೂ ತಪ್ಪುತ್ತಿರಲಿಲ್ಲ. ಮೊದಲೂ ಆಕೆ ಜಾಣೆಯೇ, ಆದರೆ ಮೊದಲು ಹತ್ತರಲ್ಲಿ ಎರಡು ತಪ್ಪಿ, ನಾಲಿಗೆ ಕಚ್ಚಿಕೊಂಡು, "ಅಯ್ಯ ಶಿವನೇ, ಗೊತ್ತಿತ್ತಲ್ಲ!" ಎಂದು ಹಣೆ ಬಡಿದುಕೊಳ್ಳುತ್ತಿದ್ದಳು. ಈಗ ಹಣೆ ಬಡಿದುಕೊಳ್ಳುವವಳು ಇರಲಿಲ್ಲ.

ನನಗೆ ಮನೆಯಲ್ಲಿ ಒಬ್ಬಳೇ ಇರಲು ಭಯವಾಗತೊಡಗಿತು. ಹೊರಗಿನ ಕೋಣೆಯಲ್ಲಿ ಕುಳಿತು ಪಾಠದ ಕೊನೆಯ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿದರೆ ಅಡುಗೆಮನೆಯಿಂದ ಉತ್ತರ ಬರುತ್ತಿತ್ತು. ಟಿವಿಯಲ್ಲಿ ಯಾರೋ ಯಾರನ್ನೋ ಕೇಳಿದರೆ ಅವರಿಗಿಂತ ಮೊದಲು ಅವ್ವ ಹೇಳುತ್ತಿದ್ದಳು, ಮುಖ ಗೋಡೆಯ ಕಡೆ ಇಟ್ಟುಕೊಂಡೇ. ಒಂದು ಮಧ್ಯಾಹ್ನ ನಾನು ಹಕ್ಕಿ ಡಬ್ಬಿಯಿಂದ ಒಂದು ಚೀಟಿ ಎತ್ತಿದೆ. ಇನ್ನೂ ಓದಿರಲಿಲ್ಲ, ಮಡಿಕೆ ಕೂಡ ಬಿಚ್ಚಿರಲಿಲ್ಲ. ಬೆನ್ನು ತಿರುಗಿಸಿ ಅಕ್ಕಿ ಆರಿಸುತ್ತಿದ್ದ ಅವ್ವ "ಟಿಟ್ಟಿಭ" ಅಂದಳು. ಬಿಚ್ಚಿ ನೋಡಿದೆ. ಬಯಲಿನ ನೆಲದ ಮೇಲೇ ಮೊಟ್ಟೆ ಇಡುವ, ಹತ್ತಿರ ಹೋದರೆ ಚೀರಿ ದಾರಿ ತಪ್ಪಿಸುವ ಹಕ್ಕಿ ಯಾವುದು? ಹಿಂದೆ ಅಪ್ಪನ ಅಕ್ಷರದಲ್ಲಿ ಟಿಟ್ಟಿಭ ಎಂದೇ ಇತ್ತು. ಚೀಟಿಗಳ ಸಾಲು ಆಕೆಗೆ ನೆನಪಿದ್ದಿರಬಹುದು. ಈಗ ಹಾಗೇ ಅಂದುಕೊಳ್ಳುತ್ತೇನೆ. ಅವತ್ತು ಮಾತ್ರ ಚೀಟಿ ಎಸೆದು ಕೆಳಗಿನ ಮೆಟ್ಟಿಲ ತನಕ ಓಡಿಹೋಗಿದ್ದೆ.

ಅಜ್ಜಿಗೆ ಮೊದಲಿನಿಂದಲೂ ಇದು ಸರಿಬಂದಿರಲಿಲ್ಲ. ಕಣ್ಣು ಮಂಜಾದ ಮುದುಕಿ, ಆದರೆ ಕಿವಿ ಚುರುಕು. ಒಂದು ಸಂಜೆ ಅಪ್ಪನನ್ನು ಗ್ಯಾಲರಿಗೆ ಕರೆದು ಬೈದಳು.

"ನಿನಗೇನು ಬುದ್ಧಿಗಿದ್ದಿ ಅದನೋ ಇಲ್ಲೋ? ಮಾತಾಡ್ತಾಳ, ಮಾತಾಡ್ತಾಳ ಅಂತ ಕುಣೀಲಿಕತ್ತಿ. ಅದು ಆಕಿ ಅಲ್ಲೋ. ಆಕಿ ಒಳಗ ಎಲ್ಲೋ ಕುಂತಾಳ, ಬಾಗಲಾಗ ಬ್ಯಾರೆ ಯಾರೋ ನಿಂತು ಜವಾಬು ಕೊಡ್ಲಿಕತ್ತಾರ. ನಮ್ಮೂರಾಗ ಹಾಲಕ್ಕಿ ನುಡೀತದ, ಬುಡಬುಡಕ್ಯಾನವ ಅದರ ಅರ್ಥ ಹೇಳ್ತಾನ. ಹಾಲಕ್ಕಿಗೇನು ಗೊತ್ತಿರತದ ತಾ ಏನು ಅಂದೆ ಅಂತ?"

"ಹಂಗಂದ್ರ ಏನು ಮಾಡ್ಲಿ ಅವ್ವಾ? ಕೇಳೋದು ಬಿಟ್ರ ಅಷ್ಟೂ ಇಲ್ಲ."

ಅಪ್ಪ ಹೀಗೆಂದಾಗ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಅಪ್ಪನ ಮೇಲೆ ನನಗೆ ಆಗ ಸಿಟ್ಟಿತ್ತು, ಈಗ ಇಲ್ಲ. ನೀರಿನಲ್ಲಿ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅಂತಾರಲ್ಲ, ಆತ ಹಿಡಿದದ್ದು ಅದನ್ನೇ. ಆದರೆ ಆ ವರ್ಷದ ಕೊನೆಗೆ ಆತ ಮಾಡಿದ ತಪ್ಪನ್ನು ಮಾತ್ರ ನಮ್ಮಂಥ ಪ್ರಶ್ನೆ ಹುಚ್ಚಿನ ಮನೆಯವರೇ ಮಾಡಲು ಸಾಧ್ಯ. ನಾಸಿಕದ ರಸಪ್ರಶ್ನೆಗೆ ಎಂದಿನಂತೆ ಹೆಸರು ಕೊಟ್ಟ. ವೇದಿಕೆ ಹತ್ತಿದರೆ, ಚಪ್ಪಾಳೆ ಕೇಳಿದರೆ, ಹಳೆಯ ಅವ್ವ ಎದ್ದು ಬಂದಾಳು ಎಂದು ಅವನ ನಂಬಿಕೆ. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಡಿಸಿ, ತಾನೇ ಅವಳ ಹಣೆಗೆ ಕುಂಕುಮ ಇಟ್ಟ.

ಅವತ್ತು ಅವ್ವ ಎಲ್ಲರನ್ನೂ ಗುಡಿಸಿಹಾಕಿದಳು. ಕೇಳುವವರು ಪ್ರಶ್ನೆಯ ಅರ್ಧಕ್ಕೆ ಬರುವ ಮೊದಲೇ ಉತ್ತರ. ಮೊದಮೊದಲು ಮಂದಿ ಕೇಕೆ ಹಾಕಿದರು. ಹತ್ತು ಹನ್ನೆರಡು ಆದ ಮೇಲೆ ಚಪ್ಪಾಳೆ ತೆಳುವಾಯಿತು. ಇಪ್ಪತ್ತಾದ ಮೇಲೆ ಯಾರೂ ಹೊಡೆಯಲಿಲ್ಲ. ಸಭೆಯಲ್ಲಿ ಫ್ಯಾನಿನ ಸದ್ದು ಮಾತ್ರ, ನಡುವೆ ಅವ್ವನ ದನಿ. ಗೆದ್ದ ಮೇಲೆ ಪ್ರಶ್ನೆ ಕೇಳುತ್ತಿದ್ದ ಯಜಮಾನರು ಮೈಕು ಮುಂದೆ ಹಿಡಿದು ಕೇಳಿದರು.

"ಶಭಾಶ್ ರಿ ಬಾಯಾರ! ಹೆಂಗನಸ್ಲಿಕತ್ತದ ಹೇಳ್ರಿ?"

ಅವ್ವ ಸುಮ್ಮನೆ ನಿಂತಳು. ಮೈಕು ಗುಂಯ್ ಅನ್ನುತ್ತಿತ್ತು. "ಖುಷಿ ಆಗ್ಯಾದೇನ್ರಿ?" ಎಂದು ಅವರು ಮತ್ತೆ ಕೇಳಿದರು. ಅವ್ವ ಸಭೆಯ ಹಿಂದಿನ ಗೋಡೆ ನೋಡುತ್ತಿದ್ದಳು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ತನ್ನ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು, ಅವ್ವನ ಕಣ್ಣು ತಾಗಬಾರದು ಎಂಬ ಹಾಗೆ. ಅದನ್ನು ನಾನು ಕಣ್ಣಾರೆ ನೋಡಿದೆ. ಆ ಹೆಂಗಸನ್ನು ಇವತ್ತಿಗೂ ಕ್ಷಮಿಸಿಲ್ಲ. ಅಪ್ಪ ಓಡಿ ಬಂದು ಮೈಕು ಕಸಿದುಕೊಂಡು ಏನೋ ಒಂದು ಧನ್ಯವಾದ ಹೇಳಿ, ಅವಳ ಕೈ ಹಿಡಿದು ಕೆಳಗಿಳಿಸಿದ. ಮನೆಗೆ ಬರುವ ತನಕ ಆತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮರುದಿನ ಚೀಟಿ ಬರೆಯುವುದನ್ನೂ ಬಿಟ್ಟ. ಹೀಗೆ ಮನೆಯಲ್ಲಿ ಇದ್ದಬಿದ್ದ ದನಿಯೂ ನಿಂತುಹೋಯಿತು.

ಆ ವಾರ ನನಗೆ ಒಂದು ಮಾತು ಹೊಳೆಯಿತು. ಅವ್ವ ನನ್ನ ಮೇಲೆ ಸಿಟ್ಟಾಗಿದ್ದಾಳೋ ಇಲ್ಲವೋ ಎಂದು ಸುಮ್ಮನೆ ಕೇಳಿದರೆ ಆಕೆ ಹೇಳುವುದಿಲ್ಲ. ಉತ್ತರ ಬರೆದಿರುವ ಚೀಟಿಯಾದರೆ ಹೇಳುತ್ತಾಳೆ. ಆದರೆ ಉತ್ತರ ಬರೆಯಬೇಕಾದವಳು ನಾನು. ಅಂದರೆ ಒಂದು ವರ್ಷದಿಂದ ಬಾಯಿಬಿಡದ್ದನ್ನು ನನ್ನ ಕೈಯಾರೆ ಬರೆಯಬೇಕು. ನಾಲ್ಕು ದಿನ ಪೆನ್ಸಿಲ್ ಕಚ್ಚುತ್ತ ಕುಳಿತೆ. ಆಕೆಗೆ ಗೊತ್ತಿದ್ದು ನನ್ನ ಹೆಸರು ಹೇಳಿದರೆ ಎದೆ ಒಡೆಯುತ್ತದೆ. ಗೊತ್ತಿಲ್ಲದಿದ್ದರೆ ನಾನೇ ಹೇಳಿಕೊಟ್ಟ ಹಾಗಾಗುತ್ತದೆ. ಆದರೂ ಆ ಗೋಡೆ ನೋಡುವ ಕಣ್ಣುಗಳನ್ನು ಇನ್ನೊಂದು ದಿನ ತಾಳುವುದು ನನ್ನಿಂದಾಗಲಿಲ್ಲ. ಭಾನುವಾರ ಬೆಳಿಗ್ಗೆ, ಅಪ್ಪ ಪಿಂಪಳಗಾಂವ್ ಬಸವಂತ್‌ಗೆ ಉಳ್ಳಾಗಡ್ಡಿ ತರಲು ಹೋಗಿದ್ದಾಗ, ಅಜ್ಜಿ ಗ್ಯಾಲರಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಾಗ, ಚೀಟಿ ಹಿಡಿದು ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಪ್ರಶ್ನೆ. ಕೊಲೆ ಡಬ್ಬಿ," ಅಂದೆ. "ಒಂದು ಮನಿ. ಅದರಾಗ ಅಪ್ಪ, ಅವ್ವ, ಅಜ್ಜಿ, ಒಂದು ಹುಡುಗಿ, ಒಂದು ಸಣ್ಣ ಕೂಸು. ಕೂಸು ಸತ್ತದ. ಯಾರಿಂದ?"

ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ. ಒಂದು ಸುತ್ತು ತಿರುಗಿಸಿ, ಅದೇ ಸ್ಟೇಶನ್ನಿನ ದನಿಯಲ್ಲಿ ಅವ್ವ ಹೇಳಿದಳು.

"ಪುಸ್ತಕ ಓದ್ಲಿಕತ್ತಿದ್ದಾಕಿ."

ನನಗೆ ತಿಳಿಯಲಿಲ್ಲ. ಇಂಥ ಉತ್ತರವನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಯಾವತ್ತೂ ಒಂದೇ ಮಾತಿಗೆ ನಿಲ್ಲುವವಳು ಅವತ್ತು ನಿಲ್ಲಲಿಲ್ಲ. ಹಿಟ್ಟಿನ ಕಡೆ ನೋಡುತ್ತ, ಬೇರೆ ಯಾರದೋ ಕಥೆ ಹೇಳುವ ಹಾಗೆ ಹೇಳುತ್ತಲೇ ಹೋದಳು.

"ಮಧ್ಯಾಹ್ನ ಮೂರು ಗಂಟಿ. ಪುಸ್ತಕದಾಗ ಇಪ್ಪತ್ತು ಪಾನು ಉಳಿದಿದ್ವು. ಕೊಲಿ ಮಾಡಿದಾವ ಯಾರು ಅಂತ ಆಕಿಗೆ ಗೊತ್ತಿತ್ತು, ಖರೇ ಅದನೋ ಇಲ್ಲೋ ನೋಡಬೇಕಿತ್ತು. ಕೂಸಿನ ಎದಿ ಗೊರಗೊರ ಅನ್ಲಿಕತ್ತಿತ್ತು. ಕೇಳ್ಸಿತು ಆಕಿಗೆ. ಇದು ಮುಗಿಸಿ ಏಳ್ತೀನಿ ಅಂದ್ಲು. ಮುಗಿಸಿದ್ಲು. ಆಮ್ಯಾಲ ಎದ್ಲು."

ಒಂದು ವರ್ಷದಿಂದ ನಮ್ಮ ಮನೆಯಲ್ಲಿ ಗೋಡೆ ನೋಡುತ್ತಿದ್ದವಳು ಏನನ್ನು ನೋಡುತ್ತಿದ್ದಳು ಎಂದು ನನಗೆ ಆಗ ತಿಳಿಯಿತು. ಆದರೆ ಪ್ರಶ್ನೆ ಕೇಳಿದವರು ಸರಿಯೋ ತಪ್ಪೋ ಹೇಳಲೇಬೇಕು, ಹಾಗೆ ಬೆಳೆದವಳು ನಾನು.

"ತಪ್ಪು," ಅಂದೆ.

ಕೈ ನಿಂತಿತು. ಆ ವರ್ಷದಲ್ಲಿ ಯಾರೂ ಆಕೆಗೆ ಆ ಮಾತು ಹೇಳಿರಲಿಲ್ಲ. ಅವ್ವ ತಲೆ ಎತ್ತಿದಳು. ನನ್ನ ಹಿಂದಿನ ಗೋಡೆಯನ್ನಲ್ಲ, ನನ್ನನ್ನೇ ನೋಡಿದಳು. ಹಿಟ್ಟಿನ ಕೈ ಚಾಚಿ ಚೀಟಿ ಇಸಿದುಕೊಂಡು ತಿರುವಿದಳು. ಹಿಂದೆ ನಾನು ಬರೆದಿದ್ದೆ: ಶಶಿ. ಚಳಿಯೊಳಗ ತಮ್ಮಗ ಗಚ್ಚಿ ಮ್ಯಾಲ ಒಯ್ದಾಕಿ. ಅದನ್ನು ಓದಲು ಎಷ್ಟು ಹೊತ್ತು ಬೇಕು? ಅವ್ವ ತುಂಬ ಹೊತ್ತು ಓದಿದಳು. ತವೆಯ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದಿತು.

"ಇದನ್ನ ಯಾವಾಗಿಂದ ಹೊತಗೊಂಡು ಅಡ್ಡಾಡ್ಲಿಕತ್ತಿ?"

ಹನ್ನೊಂದು ತಿಂಗಳಲ್ಲಿ ಅವ್ವ ಕೇಳಿದ ಮೊದಲ ಪ್ರಶ್ನೆ ಅದು. ದನಿ ಬಿರುಕು ಬಿಟ್ಟಿತ್ತು, ಒರಟಾಗಿತ್ತು, ಆದರೆ ಅವಳದೇ ದನಿ.

"ಅವತ್ತಿಂದ," ಅಂದೆ. ಅಂದವಳೇ ಅಳತೊಡಗಿದೆ.

"ನನಗ ಎಚ್ಚರ ಇತ್ತು ಶಶಿ. ನೀ ಅವನ್ನ ಎತಗೊಂಡು ಹೋಗಿದ್ದು ಗೊತ್ತಾಗಿತ್ತು. ಮ್ಯಾಲ ಅವ ಕೇಕಿ ಹಾಕಿ ನಗ್ಲಿಕತ್ತಿದ್ದ. ಅದನ್ನ ಕೇಳಕೋತ ಹಾಸಿಗ್ಯಾಗ ಬಿದ್ದಿದ್ದೆ, ಎದ್ದು ಬೈಬೇಕು ಅಂತನೂ ಅನಸಲಿಲ್ಲ." ನಿಲ್ಲಿಸಿ, ಉಸಿರು ಎಳೆದುಕೊಂಡು, ನನ್ನ ಗಲ್ಲ ಹಿಡಿದಳು. "ಏನು ತೋರಸ್ಲಿಕ್ಕ ಒಯ್ದಿದ್ದಿ?"

"ಬಾತು. ಚಳಿಗಾಲಕ್ಕ ಹಿಮಾಲಯಾ ದಾಟಿ ಬರ್ತಾವಲ್ಲ, ಆ ಹೆಬ್ಬಾತು. ಬೆಳಿಗ್ಗೆ ಹೊಳಿ ಕಡೆ ಹೋಗ್ತಾವ ಅಂತ ಅಪ್ಪ ಹೇಳಿದ್ದ."

"ಅವ ನೋಡಿದನೇನು?"

ಅವತ್ತು ಮಂಜು ಬಿದ್ದಿತ್ತು. ಎದುರಿನ ಬಿಲ್ಡಿಂಗಿನ ನೀರಿನ ಟಾಕಿ ಸಹ ಕಂಡಿರಲಿಲ್ಲ. ಬಾತು ಹಾಗಿರಲಿ, ಒಂದು ಕಾಗೆ ಕೂಡ ಹಾರಿರಲಿಲ್ಲ. ಚನ್ನು ನಕ್ಕದ್ದು ನಾನು ಅವನ ಹೊಟ್ಟೆಗೆ ಮೂಗು ತಿಕ್ಕಿದ್ದಕ್ಕೆ.

"ನೋಡಿದ ಅವ್ವಾ," ಅಂದೆ. "ಭಾಳ ಬಂದಿದ್ವು. ನೂರು ಇರಬೇಕು. ಕೈ ಎತ್ತಿ ತೋರಿಸಿದ."

ಅವ್ವ ಬಾಯಿ ತೆರೆದಳು, ಒಳಗಿನಿಂದ ಬಂದ ಸದ್ದಿಗೆ ಅಜ್ಜಿ ಗೋಡೆ ಹಿಡಿದುಕೊಂಡು ಗ್ಯಾಲರಿಯಿಂದ ಓಡಿ ಬಂದಳು. ನೆರೆಯವರು ಬಾಗಿಲಿಗೆ ಬಂದರು. ಅಪ್ಪ ಉಳ್ಳಾಗಡ್ಡಿಯ ಚೀಲ ಹೊತ್ತು ಮೆಟ್ಟಿಲು ಹತ್ತುವಾಗಲೂ ಅವ್ವ ಅಳುತ್ತಲೇ ಇದ್ದಳು, ಕೆಳಗಿನ ಗೇಟಿನ ತನಕ ಕೇಳುತ್ತಿತ್ತಂತೆ. ಅವ್ವ ಆಮೇಲೆ ಬೈದಳು, ನಕ್ಕಳು, ಜಗಳವಾಡಿದಳು, ಎಲ್ಲ ಆಯಿತು. ಈಗ ಆಕೆಗೆ ಎಪ್ಪತ್ತು ದಾಟಿದೆ, ನಾಸಿಕದಲ್ಲಿ ನನ್ನ ಜೊತೆಗೇ ಇದ್ದಾಳೆ. ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ಅವಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಅವ್ವ ಹೇಳುತ್ತಿರುತ್ತಾಳೆ, ನಿಮ್ಮ ಚನ್ನು ಮಾಮಾ ಹತ್ತು ತಿಂಗಳ ಕೂಸಿದ್ದಾಗ ನೂರು ಹೆಬ್ಬಾತು ನೋಡಿದ್ದ, ಕೈ ಎತ್ತಿ ತೋರಿಸಿದ್ದ ಎಂದು. ಮಗಳು ನನ್ನ ಕಡೆ ತಿರುಗಿ, ಇದು ನಿಜವೇ ಎಂದು ಮರಾಠಿಯಲ್ಲಿ ಕೇಳುತ್ತಾಳೆ, "ಖರಂಚ?" ನಾನು ಹೌದು ಅನ್ನುತ್ತೇನೆ.